ಅತ್ತೆ ಹೋದದ್ದು

ಆ ಅನಾಹುತಕ್ಕೆಲ್ಲ ಮೂಲ 'ಹೋದರು' ಎಂಬ ಒಂದೇ ಮಾತು.

ಕನ್ನಡಕದ ಅಂಗಡಿಯವನ ಅತ್ತೆ ಬಹಳ ಕಾಲ ಅವನ ಮನೆಯಲ್ಲೇ ಇದ್ದು, ಒಂದು ದಿನ ಏನೋ ಮಾತಿಗೆ ಮುನಿಸಿಕೊಂಡು ದೊಡ್ಡ ಮಗಳ ಮನೆಗೆ ಹೊರಟುಹೋದರು. ಅತ್ತೆ ಹೋದರೂ ಅವರ ಕುರ್ಚಿ ಹೋಗಲಿಲ್ಲ. ಮಾವನ ಕಾಲದ, ಉದ್ದ ಕೈಗಳ ಆರಾಮ ಕುರ್ಚಿ ಅದು. ಅರ್ಧ ನಡುಮನೆಯನ್ನು ನುಂಗಿ ಕೂತು, ಓಡಾಡಿದವರ ಮೊಣಕಾಲಿಗೆಲ್ಲ ಬಡಿಯುತ್ತಿತ್ತು. ಅದೇ ಹೊತ್ತಿಗೆ ಸಮುದ್ರದಂಡೆಯ ಹಳೆಯ ಮನೆಯೊಂದನ್ನು ದುರಸ್ತಿ ಮಾಡಿ, ಊರಿನ ಚರಿತ್ರೆಯ ಮ್ಯೂಸಿಯಂ ತೆರೆದರು. ಹಳೆಯ ಸಾಮಾನಿದ್ದರೆ ಕೊಡಿ ಎಂದು ಅಲ್ಲಿಯ ಮೇಲ್ವಿಚಾರಕಿ ಕೇಳಿದ್ದೇ ತಡ, ಕನ್ನಡಕದವನು ಕುರ್ಚಿಯನ್ನು ಕೈಗಾಡಿಗೆ ಏರಿಸಿಕೊಂಡು ಹೋಗಿ ನಿಂತ.

"ಇದು ಯಾರದು?"

"ನಮ್ಮ ಅತ್ತೇದು."

"ಕೊಡೋದಕ್ಕೆ ಅವರು ಒಪ್ಪಿದಾರಾ?"

"ಅತ್ತೆ ಹೋದ್ರು," ಎಂದು ಅವನು ಕಣ್ಣೊರೆಸಿಕೊಂಡ. ಕಣ್ಣಿಗೆ ಕುರ್ಚಿಯ ಧೂಳು ಬಿದ್ದಿತ್ತು.

ಮೇಲ್ವಿಚಾರಕಿ ತಲೆಬಗ್ಗಿಸಿ ಒಂದು ಗಳಿಗೆ ಮೌನವಾಗಿ ನಿಂತರು. ಆಕೆ ತಪ್ಪು ತಿಳಿದರೆಂದು ಅವನಿಗೆ ಗೊತ್ತಾಯಿತು. ಆದರೆ ಕುರ್ಚಿ ಆಗಲೇ ಒಳಗೆ ಹೋಗಿತ್ತು. ತೊಲಗಿದ ಪೀಡೆಯನ್ನು ಕೂಗಿ ಕರೆಯುವಷ್ಟು ಸತ್ಯವಂತ ಅವನಲ್ಲ. ಮನೆಯಲ್ಲಿ ಮಾತ್ರ, ಕುರ್ಚಿ ಬಡಗಿಯ ಹತ್ತಿರ ಪಾಲಿಶಿಗೆ ಹೋಗಿದೆ ಎಂದ.

ಈಗ ಅತ್ತೆ ಬಂದಿದ್ದರು, ಎರಡು ದಿನದ ಮಟ್ಟಿಗೆ. ಅವರಿಗೂ ಪಾಲಿಶಿನ ಕತೆಯನ್ನೇ ಹೇಳಿದ್ದ. ಹೇಗೋ ದಿನ ತಳ್ಳಿಬಿಡಬಹುದಿತ್ತು. ಆದರೆ ಪಕ್ಕದ ಮನೆಯ ಮೇಷ್ಟರು ಬಿಡಬೇಕಲ್ಲ. ನಿವೃತ್ತಿಯಾದರೂ ಪಾಠ ನಿಲ್ಲಿಸದ ಅವರನ್ನು ಬೀದಿಯವರೆಲ್ಲ ಮಾಹಿತಿ ಮೇಷ್ಟರು ಎನ್ನುತ್ತಿದ್ದರು.

"ಮ್ಯೂಸಿಯಂ ನೋಡ್ದೆ ವಾಪಸ್ ಹೊರಟ್ರೆ ಏನಮ್ಮ ಚೆಂದ? ನಡೀರಿ, ನಾನೇ ತೋರಿಸ್ತೀನಿ," ಎಂದರು ಮೇಷ್ಟರು.

"ಒಳ್ಳೇದಾಯ್ತು. ಅಳಿಯಂದ್ರೇ, ನೀವೂ ಬನ್ನಿ," ಎಂದರು ಅತ್ತೆ.

ಕುರ್ಚಿ ಅತ್ತೆಯ ಕಣ್ಣಿಗೆ ಬಿದ್ದರೆ ಕನ್ನಡಕದವನ ಮಾನ ಮೂರುಕಾಸಿಗೆ ಹರಾಜು. ಊರಿಗೆಲ್ಲ ಕಣ್ಣು ಕಾಣುವಂತೆ ಮಾಡುವವನಿಗೆ ಆಗ ಒಂದು ಉಪಾಯ ಕಾಣಿಸಿತು. "ಅತ್ತೆ, ನಿಮ್ಮ ಕನ್ನಡಕದ ಕಡ್ಡಿ ಸಡಿಲ ಆಗಿದೆ. ಸಂಜೆ ಬಿಗಿ ಮಾಡ್ಕೊಡ್ತೀನಿ," ಎನ್ನುತ್ತ, ಅವರ ಮೂಗಿನ ಮೇಲಿಂದಲೇ ತೆಗೆದು ಜೇಬಿಗಿಳಿಸಿದ.

ಮೊದಲ ಕೋಣೆಯಲ್ಲಿ ಉಪಾಯ ಭರ್ಜರಿಯಾಗಿ ಫಲಿಸಿತು. ಮೀನಿನ ಬಲೆಯನ್ನು ಸೊಳ್ಳೆಪರದೆ ಎಂದುಕೊಂಡ ಅತ್ತೆ, "ಪಾಪ, ಎಷ್ಟೊಂದು ತೂತು," ಎಂದು ಮರುಗಿದರು. ಹಡಗಿನ ಕಪ್ತಾನನ ಮರದ ಗೊಂಬೆಯನ್ನು "ಊಟ ಆಯ್ತಾ?" ಎಂದು ವಿಚಾರಿಸಿಕೊಂಡರು. ಮೇಷ್ಟರು ಪ್ರತಿ ಫಲಕವನ್ನೂ ಹಾಜರಿ ಕೂಗುವ ದನಿಯಲ್ಲಿ ಓದುತ್ತ ಹೋದರು.

"ಮುಗೀತಲ್ಲ, ಹೊರಡೋಣ," ಎಂದ ಕನ್ನಡಕದವನು.

"ಕಡೇ ಕೋಣೆ ಬಾಕಿ ಇದೆ ಕಣಯ್ಯ."

"ಅಲ್ಲೇನಿದೆ ಮೇಷ್ಟ್ರೆ, ಬರೀ ಕುರ್ಚಿ..." ಎಂದವನೇ ನಾಲಗೆ ಕಚ್ಚಿಕೊಂಡ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದೆಯೇ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

"ಕುರ್ಚಿ ಇದೆಯಾ? ಸದ್ಯ, ಕಾಲು ಬಿದ್ದುಹೋಗ್ತಿದೆ," ಎಂದು ಅತ್ತೆ ಆ ಕಡೆಗೆ ನಡೆದೇಬಿಟ್ಟರು.

ಕುರ್ಚಿಯ ಸುತ್ತ ಹಗ್ಗ ಕಟ್ಟಿ, 'ಮುಟ್ಟಬೇಡಿ' ಎಂದು ಅಂಗೈಯಗಲದ ಅಕ್ಷರದಲ್ಲಿ ಬರೆದಿದ್ದರು. ಮೂಗಿನ ಮೇಲೆ ಕನ್ನಡಕವಿದ್ದಿದ್ದರೆ ಅತ್ತೆ ಖಂಡಿತ ಓದುತ್ತಿದ್ದರು. ಈಗ ಹಗ್ಗವನ್ನು ಬಟ್ಟೆ ಒಣಗಿಸುವುದಕ್ಕೆಂದು ತಿಳಿದು, ಪಕ್ಕಕ್ಕೆ ಸರಿಸಿ, ದೊಪ್ಪನೆ ಕೂತರು. ಕುರ್ಚಿ ಕಿರ್ರ್ ಎಂದಿತು. ಅತ್ತೆ ನೆಟ್ಟಗಾದರು.

"ಈ ಸದ್ದು ನಮ್ಮನೆಯವರು ಕೂತಾಗಲೆಲ್ಲ ಕೇಳಿದೀನಿ. ಅಳಿಯಂದ್ರೇ, ಇದು ನನ್ನ ಕುರ್ಚಿ."

ಕಿರುಗುಟ್ಟಿದ್ದು ಕೇಳಿ ಮೇಲ್ವಿಚಾರಕಿ ಓಡಿಬಂದರು. "ಯಾರದು, ಏಳಿ ಮೇಲೆ," ಎಂದವರು ಕನ್ನಡಕದವನನ್ನು ಕಂಡು ಮೆತ್ತಗಾದರು. "ಓ, ನೀವಾ. ಅತ್ತೆ ಹೋದ ದುಃಖ ಇನ್ನೂ ಆರಿಲ್ಲ ಅನ್ಸುತ್ತೆ. ಮುಖ ನೋಡಿದ್ರೇ ಗೊತ್ತಾಗುತ್ತೆ."

"ನಾನು ಹೋಗಿದ್ದಕ್ಕೆ ಇವರಿಗೆ ದುಃಖ ಆಯ್ತಾ?" ಅತ್ತೆಗೆ ನಂಬಿಕೆಯಾಗಲಿಲ್ಲ.

"ಆಗ್ದೇ ಇರುತ್ತಾ? ಇದನ್ನ ಕೊಡೋವಾಗ ಕಣ್ಣಲ್ಲಿ ನೀರು..." ಆಕೆ ತಟಕ್ಕನೆ ಮಾತು ನಿಲ್ಲಿಸಿದರು. "ಏನಂದ್ರಿ? ಹೋಗಿದ್ದು ನೀವಾ?"

"ಹೌದಮ್ಮ, ಹೋಗಿದ್ದೆ. ನಿನ್ನೆ ವಾಪಸ್ ಬಂದೆ."

ಮೇಲ್ವಿಚಾರಕಿ ಗೋಡೆ ಹಿಡಿದುಕೊಂಡರು. ಮೇಷ್ಟರು ಜೀವಮಾನದಲ್ಲಿ ಮೊದಲ ಸಲ ಯಾವ ಮಾಹಿತಿಯನ್ನೂ ಒದಗಿಸಲಿಲ್ಲ. "ದೊಡ್ಡ ಮಗಳ ಮನೆಗೆ," ಎಂದು ಅತ್ತೆ ಸೇರಿಸಿದ ಮೇಲೆಯೇ ಆಕೆಗೆ ಉಸಿರು ಬಂದದ್ದು. ಹಿಂದೆಯೇ ಸಿಟ್ಟೂ ಬಂತು.

"ಏನ್ರೀ ಇದು? ಒಡತಿ ಒಪ್ಪದೇ ಇರೋ ಸಾಮಾನು ನಮಗೆ ಬೇಡ. ಇವತ್ತೇ ಹೊತ್ಕೊಂಡು ಹೋಗಿ."

ಇನ್ನು ಅತ್ತೆಯ ಸರದಿ ಎಂದು ಕನ್ನಡಕದವನು ತಲೆ ತಗ್ಗಿಸಿ ನಿಂತ. ಎಷ್ಟು ಹೊತ್ತಾದರೂ ಬೈಗುಳ ಬರಲಿಲ್ಲ. ಮೆಲ್ಲನೆ ನೋಡಿದರೆ ಅತ್ತೆ ಕಣ್ಣೊತ್ತಿಕೊಳ್ಳುತ್ತಿದ್ದರು.

"ಮುದುಕಿ ತೊಲಗಿದ್ಲು ಅಂತ ಕುಣಿದಿರ್ತೀರಿ ಅಂದ್ಕೊಂಡಿದ್ದೆ. ನೀವು ನೋಡಿದ್ರೆ, ಖಾಲಿ ಕುರ್ಚಿ ನೋಡೋಕಾಗ್ದೆ ತಂದು ಇಲ್ಲಿಟ್ಟು ಅತ್ತಿದೀರಿ. ನನಗೆ ಬೇಜಾರಾಗುತ್ತೆ ಅಂತ ಪಾಲಿಶು ಗೀಲಿಶು ಅಂತ ಸುಳ್ಳು ಬೇರೆ." ಅತ್ತೆ ಅವನ ಕೈ ಹಿಡಿದುಕೊಂಡರು. "ಅಳಬೇಡಿ ಅಳಿಯಂದ್ರೇ. ಇನ್ನು ನಾನು ಎಲ್ಲಿಗೂ ಹೋಗಲ್ಲ."