ಎರಡು ಬೀಗದ ರಕ್ಷಣಾ ದೋಣಿ

ಜಲಾಶಯ ಪ್ರಾಧಿಕಾರ ಹಾಗೂ ಹಾಯಿದೋಣಿ ಕ್ಲಬ್ಬಿನ ಜಂಟಿ ಜಲಸುರಕ್ಷತಾ ಸಮಿತಿಯ ಉಭಯ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ, ಮತ್ತು ಅಷ್ಟೇ ಮಾನ್ಯರಾದ ಇನ್ನೊಬ್ಬರೇ,

ನಿಮ್ಮಲ್ಲಿ ಯಾರ ಹೆಸರು ಮೊದಲು ಬರೆದರೆ ಯಾರು ಮುನಿಸಿಕೊಳ್ಳುವಿರೋ ಎಂಬ ಅಂಜಿಕೆಯಿಂದ ಯಾರ ಹೆಸರನ್ನೂ ಬರೆಯದೆ, ಇಲ್ಲೇ ಹತ್ತಿರದ ನಿಗಡಿ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ, ಮೂಲತಃ ವಿಜಯಪುರ ಕಡೆಯ ಗುರಣ್ಣನಾದ ನಾನು, ಇಬ್ಬರಿಗೂ ಸರಿಸಮ ತೂಗಿದ ನಮಸ್ಕಾರಗಳನ್ನು ಸಲ್ಲಿಸುತ್ತೇನೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪಿನಲ್ಲಿ ನನ್ನ ಪಾಲೂ ಇದೆ. ಹೊಸ ರಕ್ಷಣಾ ದೋಣಿ ಯಾರ ವಶದಲ್ಲಿರಬೇಕೆಂದು ನೀವು ಮೂರು ಸಭೆಗಳಲ್ಲಿ ವಾದಿಸುತ್ತಿದ್ದಾಗ, ಕ್ಲಬ್ಬಿನ ಸದಸ್ಯೆಯ ಗಂಡನೆಂಬ ಹಕ್ಕಿನಿಂದ ಮೂಲೆಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ ನಾನೇ ಬಾಯಿ ಹಾಕಿ, ನಮ್ಮ ಮನೆತನದ ಅಂಗಡಿಯಲ್ಲಿ ತಿಜೋರಿಗೆ ಎರಡು ಬೀಗ ಹಾಕಿ ಅಣ್ಣ ಒಂದು, ತಮ್ಮ ಒಂದು ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡಿರುತ್ತೇವೆ, ಮೂರು ತಲೆಮಾರಿನಿಂದ ಒಂದೂ ಜಗಳವಾಗಿಲ್ಲ ಎಂದು ಹೇಳಿದೆ. ನೀವಿಬ್ಬರೂ ಒಟ್ಟಿಗೆ ಚಪ್ಪಾಳೆ ತಟ್ಟಿದಿರಿ. ದೋಣಿಗೂ ಎರಡು ಬೀಗ ಬಿದ್ದವು, ನಿಮಗೆ ಒಂದೊಂದು ಕೀಲಿಕೈ ಸಿಕ್ಕಿತು. ಬೀಗಗಳೂ ನನ್ನ ಅಂಗಡಿಯಿಂದಲೇ ಬಂದವು. ತಿಜೋರಿ ಯಾರನ್ನೂ ನೀರಿನಿಂದೆತ್ತಲು ಓಡಬೇಕಾಗಿಲ್ಲ ಎಂಬುದು ಆಗ ಯಾರ ತಲೆಗೂ ಹೊಳೆಯಲಿಲ್ಲ.

ಕಳೆದ ಭಾನುವಾರ, ಐವತ್ತಾರನೆಯ ವಯಸ್ಸಿನಲ್ಲಿ ಹಾಯಿ ಹಿಡಿಯಲು ಕಲಿತ ನನ್ನ ಹೆಂಡತಿ ಭಾಮಾಳ ದೋಣಿ ಮಗುಚಿತು. ಲೈಫ್ ಜಾಕೆಟ್ ಇದ್ದುದರಿಂದ ತೇಲುತ್ತಿದ್ದಳು, ಆದರೆ ಗಾಳಿ ಅವಳನ್ನು ಅಣೆಕಟ್ಟಿನ ಗೇಟಿನ ಕಡೆಗೇ ನೂಕುತ್ತಿತ್ತು. ಆಗ ನಿಮ್ಮ ಪರಸ್ಪರ ಸಹಕಾರವನ್ನು ಕಣ್ಣಾರೆ ಕಾಣುವ ಭಾಗ್ಯ ನನ್ನದಾಯಿತು. ಕ್ಲಬ್ಬಿನ ಮಾನ್ಯರು ತಮ್ಮ ಕೀಲಿಕೈ ಹಿಡಿದು ಪ್ರಾಧಿಕಾರದ ಕಚೇರಿಗೆ ಓಡಿದರು, ಪ್ರಾಧಿಕಾರದ ಮಾನ್ಯರು ತಮ್ಮದನ್ನು ಹಿಡಿದು ಇನ್ನೊಂದು ದಾರಿಯಿಂದ ಕ್ಲಬ್ಬಿಗೆ ಓಡಿದರು, ಇಬ್ಬರೂ ಎದುರಿನ ಕುರ್ಚಿ ಖಾಲಿಯಿರುವುದನ್ನು ಕಂಡು ಸೌಜನ್ಯದಿಂದ ಕಾಯುತ್ತ ಕುಳಿತರು, ಮತ್ತು ಇಬ್ಬರೂ ಒಬ್ಬರಿಗೊಬ್ಬರು ಒಂದೇ ಸಮನೆ ಫೋನ್ ಮಾಡುತ್ತಿದ್ದುದರಿಂದ ಇಬ್ಬರ ಫೋನೂ ಬಿಜಿಯಾಗಿತ್ತು. ಈಜು ಬಾರದ ನಾನು ಮಾಡಿದ್ದುಣ್ಣೋ ಮಹಾರಾಯ ಎಂದು ನನ್ನದೇ ಅಂಗಡಿಯ ಬೀಗವನ್ನು ಎರಡೂ ಕೈಯಿಂದ ಜಗ್ಗುತ್ತ ನಿಂತಿದ್ದೆ. ಬಹಳ ಹೆದರಿದ್ದೆ, ಮಾನ್ಯರೇ. ಅದನ್ನು ಚೆಂದ ಮಾಡಿ ಬರೆಯಲು ನನಗೆ ಬರುವುದಿಲ್ಲ.

ಕೊನೆಗೆ, ಲಾರಿಯ ಟ್ಯೂಬಿನ ಮೇಲೆ ಕುಳಿತು ಮೀನು ಹಿಡಿಯುವ ರಂಗೂಬಾಯಿ ಎಂಬಾಕೆ ಕೈಯಲ್ಲೇ ಹುಟ್ಟು ಹಾಕುತ್ತ ಹೋಗಿ ಭಾಮಾಳನ್ನು ಎಳೆದು ತಂದಳು. ದಡ ಹತ್ತಿದ ನನ್ನ ಹೆಂಡತಿ ಕೆಮ್ಮು ನಿಂತ ಕೂಡಲೇ "ನಿಮ್ಮ ಅಂಗಡಿ ಬೀಗ ಭಾಳ ಗಟ್ಟಿ ಅವ ಬಿಡ್ರಿ" ಎಂದಳು. ಈ ಪ್ರಶಂಸೆಯ ಅರ್ಧ ಭಾಗ ನಿಮಗೂ ಸಲ್ಲಬೇಕು.

ನಿಮ್ಮ ಜಂಟಿ ವರದಿಯಲ್ಲಿ ದೋಣಿಗೆ ಒಂದು ಗೀರೂ ಬಿದ್ದಿಲ್ಲವೆಂದು ಓದಿ ಸಮಾಧಾನವಾಯಿತು. ಇಂಥ ದೋಣಿಯನ್ನು ಮುಂದೆಯೂ ಹೀಗೇ ಕಾಪಾಡಲು ಸಣ್ಣ ಅರಿಕೆಗಳಿವೆ: ನೀವಿಬ್ಬರೂ ಕುರ್ಚಿಯಲ್ಲಿರುವಾಗ ಮಾತ್ರ ಬೀಸುವಂತೆ ಗಾಳಿಗೆ ಸುತ್ತೋಲೆ ಕಳಿಸಬೇಕು, ಮಗುಚಲಿಚ್ಛಿಸುವ ಸದಸ್ಯರಿಂದ ಮೂರು ದಿನ ಮುಂಚಿತವಾಗಿ ಎರಡು ಪ್ರತಿಗಳಲ್ಲಿ ಅರ್ಜಿ ಪಡೆಯಬೇಕು. ಇವೆಲ್ಲ ಕಷ್ಟವೆನಿಸಿದರೆ, ಬರುವ ಭಾನುವಾರದ ಪಂದ್ಯಕ್ಕೆ ಮೊದಲು ಎರಡೂ ಬೀಗಗಳನ್ನು ತೆಗೆದುಬಿಡಿ. ಕತ್ತರಿಸುವ ಗರಗಸ ನಾನೇ ತರುತ್ತೇನೆ. ಭಾಮಾ ಮತ್ತೆ ನೀರಿಗಿಳಿಯುವವಳೇ. ಅವಳನ್ನು ತಡೆಯಲು ನಿಮ್ಮಂಥ ಎರಡು ಸಮಿತಿ ಬಂದರೂ ಆಗದು.

ಇಬ್ಬರಿಗೂ ಸಮಪಾಲಿನಲ್ಲಿ, ತಮ್ಮ ವಿಶ್ವಾಸಿ,
ಗುರಣ್ಣ

ತಾ.ಕ.: ನೋಂದಣಿಯಿಲ್ಲದ ಟ್ಯೂಬಿನಲ್ಲಿ ಸಂಚರಿಸಿದ್ದಕ್ಕಾಗಿ ರಂಗೂಬಾಯಿಗೆ ನೋಟಿಸು ಹೊರಡಿಸಿದ್ದೀರೆಂದೂ, ಅದನ್ನು ಆಕೆಯ ಕೈಗೇ ಮುಟ್ಟಿಸಿ ಸಹಿ ಪಡೆಯಬೇಕೆಂದೂ ತಿಳಿಯಿತು. ಭಾನುವಾರ ಪಂದ್ಯ ಶುರುವಾಗುವಾಗಲೇ ಆಕೆ ಗೇಟಿನ ಹತ್ತಿರ ನಡುನೀರಿನಲ್ಲಿರುತ್ತಾಳೆ, ದಡಕ್ಕೆ ಬರುವುದಿಲ್ಲವಂತೆ. ದಯವಿಟ್ಟು ಇಬ್ಬರೂ ಕೀಲಿಕೈ ತಂದು ದೋಣಿ ಬಿಚ್ಚಿಕೊಂಡು ಅಲ್ಲಿಗೇ ಹೋಗಿ. ಸಹಿಗೆ ಮಾತ್ರ ಅವಸರ ಮಾಡಬೇಡಿ. ಆಕೆ ಒಂದೊಂದೇ ಅಕ್ಷರ ಕೂಡಿಸಿ ಓದುವವಳು, ಕೊನೆಯ ದೋಣಿ ದಡ ಸೇರುವವರೆಗೂ ಓದುತ್ತಲೇ ಇರುವುದಾಗಿ ನನಗೆ ಮಾತು ಕೊಟ್ಟಿದ್ದಾಳೆ.