ಬಗ್ಗಿಸಿ ಏಳಿಸೋ ಕಸುಬು

ಇಪ್ಪತ್ತು ಜನರನ್ನು ಒಂದು ಹಾಲ್‌ನಲ್ಲಿ ನಿಲ್ಲಿಸಿ "ಬಲಗೈ ಎತ್ರಿ" ಅನ್ನಿ, ಒಬ್ಬರಾದರೂ ಎಡಗಾಲು ಎತ್ತಿರುತ್ತಾರೆ. ನನ್ನ ಕಸುಬೇ ಅಂಥದ್ದು. ಇವತ್ತು ಗಂಭೀರವಾಗಿರಬೇಕು ಅಂತ ಮನೆ ಬಿಟ್ಟ ದಿನವೇ ಏನಾದರೊಂದು ನಡೆದುಬಿಡುತ್ತದೆ.

ದೈಹಿಕ ಶಿಕ್ಷಣದ ಕೋರ್ಸು ಮುಗಿಸಿ ಶಾಲೆಯ ನೌಕರಿಗೆ ಕಾದೆ. ಅದು ಬರಲಿಲ್ಲ. ಹಾಗಾಗಿ ಬಳ್ಳಾರಿಯ ಗಾಂಧಿನಗರದಲ್ಲಿ ಹೆಣ್ಣುಮಕ್ಕಳಿಗೆ ವ್ಯಾಯಾಮ ಕಲಿಸಲು ಶುರು ಮಾಡಿದೆ. "ಆರು ತಿಂಗಳು ನಡೀಬಹುದು" ಎಂದಿದ್ದರು ನೆಂಟರು. ಹದಿನಾಲ್ಕು ವರ್ಷವಾಯಿತು. ಈಗ ವಾರಕ್ಕೊಂದು ದಿನ ಸಿರುಗುಪ್ಪ, ಒಂದು ದಿನ ಕುರುಗೋಡು, ಉಳಿದ ದಿನ ಗಾಂಧಿನಗರ. ಊರು ಬೇರೆಯಾದರೂ ಸೊಂಟ ಎಲ್ಲ ಕಡೆ ಒಂದೇ.

ಬೋರ್ಡು

ಒಂದು ಅಂಗಡಿಯ ಮೇಲಿನ ಹಾಲ್ ಬಾಡಿಗೆಗೆ ಹಿಡಿದು "ಫಿಟ್‌ನೆಸ್ ಕೋಚಿಂಗ್" ಎಂದು ದೊಡ್ಡ ಬೋರ್ಡು ಹಾಕಿಸಿದೆ. ಮೂರು ದಿನ ಒಂದು ನರಪಿಳ್ಳೆಯೂ ಹತ್ತಲಿಲ್ಲ. ನಾನೊಬ್ಬಳೇ ಚಾಪೆ ಹಾಸುವುದು, ಮಡಿಸುವುದು. ಅದೂ ವ್ಯಾಯಾಮವೇ ಎಂದು ಸಮಾಧಾನ ಮಾಡಿಕೊಂಡೆ. ನಾಲ್ಕನೇ ದಿನ ಒಬ್ಬ ಯಜಮಾನರು ಮಗಳನ್ನು ಕರೆದುಕೊಂಡು, ಕೈಯಲ್ಲಿ ಫೈಲು ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಮೇಡಂ, ಹುಡುಗಿ ಎಸ್ಸೆಸ್ಸೆಲ್ಸಿ ಚಲೋ ಮಾಡ್ಯಾಳ. ಗಣಿತದಾಗ ಒಂದೀಟು ವೀಕು."

"ಇಲ್ಲಿ ಗಣಿತ ಇಲ್ರಿ."

"ಬರೇ ಸೈನ್ಸ್ ಏನ್ರಿ?"

"ಇದು ವ್ಯಾಯಾಮದ ಕ್ಲಾಸ್ ರೀ. ತೂಕ ಇಳಸ್ಕೊಳ್ಳಾಕ, ಮೈ ಗಟ್ಟಿ ಮಾಡ್ಕೊಳ್ಳಾಕ."

ಅವರು ಖಾಲಿ ಹಾಲ್ ನೋಡಿದರು. ನನ್ನನ್ನು ನೋಡಿದರು. "ಇದಕ್ಕೂ ಕೋಚಿಂಗ್ ಬಂತೇನ್ರಿ!" ಎಂದು ಇಳಿಯಲು ಹೋದವರು ತಿರುಗಿ ನಿಂತು, ಮೆಲ್ಲಗೆ ಕೇಳಿದರು: "ಎಂಟ್ರನ್ಸ್ ಪರೀಕ್ಷೆ ಏನಾರ ಇರ್ತೈತೇನ್ರಿ?"

ಇಲ್ಲ ಎಂದೆ. ಮರುದಿನ ತಮ್ಮ ಹೆಂಡತಿಯನ್ನು ಕಳಿಸಿದರು. ಆಕೆಯೇ ನನ್ನ ಮೊದಲ ವಿದ್ಯಾರ್ಥಿನಿ. ಬರುವಾಗ ಇನ್ನೂರು ಪುಟದ ನೋಟ್‌ಬುಕ್ಕು, ಎರಡು ಪೆನ್ನು ತಂದಿದ್ದರು.

ಒಂಬತ್ತು ಎಲ್ಲಿ ಹೋಯಿತು?

ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿಯುವ ಒಂದು ವ್ಯಾಯಾಮವಿದೆ. ಇಪ್ಪತ್ತು ಎಣಿಸುವವರೆಗೆ ಹಿಡಿದರೆ ಸಾಕು. ಆದರೆ ನಾನು ಬೇಕಂತಲೇ ನಿಧಾನ ಎಣಿಸುತ್ತೇನೆ ಎಂದು ಎಲ್ಲರ ದೂರು.

"ಆತು, ನೀವೇ ಎಣಸ್ರಿ" ಎಂದೆ.

ಮುಂದಿನ ಸಾಲಿನ ಟೀಚರಮ್ಮ ಕನ್ನಡದಲ್ಲಿ ಶುರು ಮಾಡಿದರು. ಐದಕ್ಕೆ ಅವರ ಉಸಿರು ನಿಂತಿತು. ಪಕ್ಕದವರು ತೆಲುಗಿನಲ್ಲಿ ಹಿಡಿದುಕೊಂಡರು: "ಆರು, ಏಡು, ಎನಿಮಿದಿ..." ಅವರೂ ಚಾಪೆ ಸೇರಿದರು. ತಕ್ಷಣ ಹಿಂದಿನ ಸಾಲಿನಿಂದ ಬಟ್ಟೆ ಅಂಗಡಿಯ ಭಾಭಿ ಉರ್ದುವಿನಲ್ಲಿ ಗಟ್ಟಿಯಾಗಿ "ಬೀಸ್!" ಎಂದರು. ಎಲ್ಲರೂ ಧಡಧಡ ಬಿದ್ದರು.

"ಒಂಬತ್ತರಿಂದ ಹತ್ತೊಂಬತ್ತು ಎಲ್ಲಿ ಹೋದ್ವು?" ಎಂದು ಕೇಳಿದೆ.

"ಭಾಷಾ ಬದಲಾಗೋವಾಗ ಕೆಳಗ ಬಿದ್ದಾವ್ ಬಿಡ್ರಿ ಮೇಡಂ" ಎಂದರು ಟೀಚರಮ್ಮ, ಮಲಗಿದಲ್ಲಿಂದಲೇ.

ಅನ್ನ ಬಿಟ್ಟ ಅಕ್ಕ

ಸಿರುಗುಪ್ಪದ ಕ್ಲಾಸು ನಡೆಯುವುದು ಒಬ್ಬ ರೈಸ್ ಮಿಲ್ ಸಾಹುಕಾರರ ಮನೆಯ ಮಹಡಿ ಮೇಲೆ. ಸಾಹುಕಾರರ ಹೆಂಡತಿಗೆ ಡಾಕ್ಟರು "ಸಕ್ಕರೆ ಕಾಯಿಲೆ ಬಾಗಿಲ ಹತ್ರ ನಿಂತೈತಿ" ಎಂದು ಹೆದರಿಸಿ ಕಳಿಸಿದ್ದರು. ನಾನು, "ಅಕ್ಕಾರ, ಸ್ವಲ್ಪ ದಿನ ಅನ್ನ ಬಿಟ್ಟು ನೋಡ್ರಿ" ಎಂದೆ. ಮಹಡಿಯ ಮೇಲಿದ್ದವರೆಲ್ಲ ಬಗ್ಗಿದಲ್ಲೇ ತಲೆ ಎತ್ತಿ ನನ್ನನ್ನು ನೋಡಿದರು. ಸುತ್ತ ಕಣ್ಣು ಹಾಯಿಸಿದಷ್ಟೂ ಭತ್ತ ಬೆಳೆಯುವ ಊರಿನಲ್ಲಿ ನಿಂತು ಆಡುವ ಮಾತೇ ಅದು! ಆದರೂ ಅಕ್ಕ ಗಟ್ಟಿಗಿತ್ತಿ. "ಇವತ್ತಿಂದ ಒಂದಗಳು ಮುಟ್ಟಂಗಿಲ್ರಿ" ಎಂದರು.

ತಿಂಗಳ ಮೇಲೆ ತೂಕ ನೋಡಿದರೆ ಎರಡು ಕೆ.ಜಿ. ಜಾಸ್ತಿ. ಅಕ್ಕನ ಕಣ್ಣಲ್ಲಿ ನೀರು.

"ದೇವ್ರಾಣಿ ಅನ್ನ ಮುಟ್ಟಿಲ್ರಿ ಮೇಡಂ."

"ಮತ್ತೇನ್ ತಿಂತೀರಿ?"

"ಮುಂಜಾನಿ ಇಡ್ಲಿ. ಹನ್ನೊಂದಕ್ಕ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣಿ, ಜೋಡಿಗೆ ಮಿರ್ಚಿ. ಮಧ್ಯಾಹ್ನ ಅಕ್ಕಿ ರೊಟ್ಟಿ. ಸಂಜಿಕ ಪಡ್ಡು. ರಾತ್ರಿ ಹೊಟ್ಟಿ ಚುರ್ ಅಂದ್ರ ಎರಡು ದೋಸಿ. ಅನ್ನ ಅಂತೂ ಇಲ್ಲೇ ಇಲ್ಲ!"

ನಗು ನುಂಗಿಕೊಂಡು, ಕೂಡಿಸಿ, ಅಕ್ಕಿ ಎಲ್ಲೆಲ್ಲಿ ವೇಷ ಹಾಕಿಕೊಂಡು ಬರುತ್ತದೆ ಎಂದು ಬಿಡಿಸಿ ಹೇಳಿದೆ. ಅಕ್ಕ ಜೋಳದ ರೊಟ್ಟಿ, ಪಲ್ಯಕ್ಕೆ ಬಂದರು. ತೂಕವೂ ದಾರಿಗೆ ಬಂತು. ಸುದ್ದಿ ಕೆಳಗೆ ಸಾಹುಕಾರರ ಕಿವಿಗೂ ಬಿತ್ತು. ಒಂದು ದಿನ ಕ್ಲಾಸು ಮುಗಿಸಿ ಇಳಿಯುವಾಗ ಅವರು ಮೆಟ್ಟಿಲ ಹತ್ತಿರ ನಿಂತಿದ್ದರು. ಮಹಡಿ ಅವರದು. ಬೇಡ ಎಂದರೆ ಸಿರುಗುಪ್ಪದ ಕ್ಲಾಸು ಅಲ್ಲಿಗೇ ಮುಗಿಯಿತು.

"ಎಷ್ಟು ಮಂದಿ ಬರ್ತಾರ್ರಿ ನಿಮ್ಮ ಕ್ಲಾಸಿಗೆ?"

"ಮೂವತ್ತು ಮಂದಿ ರೀ."

"ಮೂವತ್ತೂ ಮನಿ ಅನ್ನ ಬಿಟ್ರ ನಮ್ಮ ಮಿಲ್ಲು ಬಡಕಲಾಗ್ತೈತಲ್ರಿ!"

ಅವರು ಒಳಗೆ ಕೈ ಮಾಡಿದರು. ಇಪ್ಪತ್ತೈದು ಕೆ.ಜಿ.ಯ ಸೋನಾ ಮಸೂರಿ ಚೀಲ ಬಂದು ನನ್ನ ಕಾಲ ಹತ್ತಿರ ಕೂತಿತು.

"ಇದು ನಮ್ಮ ಮನಿಯಾಕಿ ಉಣ್ಣದ ಉಳಿಸಿದ್ದು. ನೀವಾರ ಉಣ್ರಿ."

ಕೈಗೇನೂ ಬರವಲ್ದು

ಕುರುಗೋಡಿನಲ್ಲಿ ಕ್ಲಾಸು ಬೆಳಿಗ್ಗೆ, ಒಂದು ಸಮುದಾಯ ಭವನದ ಅಂಗಳದಲ್ಲಿ. ಗೋಡೆ ಗಿಡ್ಡ. ಹೊಲಕ್ಕೆ ಹೋಗುವವರೆಲ್ಲ ನಿಂತು ನೋಡಿಯೇ ಮುಂದೆ ಹೋಗುವುದು. ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಒಬ್ಬ ಅಜ್ಜಿ, ಬುತ್ತಿ ಗಂಟು ಕಂಕುಳಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಯವ್ವಾ, ಇವ್ರಿಗೇನಾಗೈತಿ? ಬಗ್ತಾರ, ಏಳ್ತಾರ, ಬಗ್ತಾರ, ಏಳ್ತಾರ. ಕೈಗೇನೂ ಬರವಲ್ದು!"

"ಇದು ವ್ಯಾಯಾಮಬೇ. ಮೈ ಗಟ್ಟಿ ಆಗ್ತೈತಿ" ಎಂದೆ.

"ಹಂಗಾರ ನಮ್ಮ ಹೊಲಕ್ಕ ಬಾ. ಮೈನೂ ಗಟ್ಟಿ ಆಗ್ತೈತಿ, ಕಾಯೀನೂ ಬಿಡಿಸಿದಂಗಾಗ್ತೈತಿ."

ನನ್ನ ವಿದ್ಯಾರ್ಥಿನಿಯರು ಕಿಸಕ್ಕನೆ ನಕ್ಕರು. ಮಾನದ ಪ್ರಶ್ನೆ. ಕ್ಲಾಸು ಮುಗಿಸಿ ಬೂಟಿನಲ್ಲೇ ಅಜ್ಜಿಯ ಹಿಂದೆ ಹೊರಟೆ. ಮೊದಲ ಸಾಲನ್ನು ಗೆಲುವಿನಿಂದ ಮುಗಿಸಿದೆ. ಎರಡನೆಯದರಲ್ಲಿ ಸೊಂಟ ಮಾತಾಡತೊಡಗಿತು. ಬೆವರು ಒರೆಸಲು ಹೋಗಿ ಖಾರದ ಕೈಯನ್ನು ಕಣ್ಣಿಗೇ ಹಚ್ಚಿಕೊಂಡೆ. ಮೂರನೇ ಸಾಲಿನ ಅರ್ಧದಲ್ಲಿ ಕೂತವಳು ಏಳಲಿಲ್ಲ. ಅಷ್ಟರಲ್ಲಿ ಅಜ್ಜಿ ಐದು ಸಾಲು ಮುಗಿಸಿ ಬಂದು, ರಟ್ಟೆ ಹಿಡಿದು ಎಬ್ಬಿಸಿ, ರೊಟ್ಟಿ, ಕೆಂಪು ಚಟ್ನಿ ಕೊಟ್ಟು, ಬಸ್ ಹತ್ತಿಸಿ ಹೋದಳು.

ಮುಂದಿನ ವಾರ ಹೋದಾಗ ಗೋಡೆಯ ಹತ್ತಿರ ನನಗಿಂತ ಮೊದಲೇ ನಿಂತಿದ್ದಳು. ಒಳಗಿದ್ದ ಹೆಣ್ಣುಮಕ್ಕಳಿಗೆ ಕಳಕಳಿಯಿಂದ ಹೇಳುತ್ತಿದ್ದಳು: "ನಿಮ್ಮ ಮೇಡಮ್ಮನ್ನ ಬೈಬ್ಯಾಡ್ರಿ. ಹೊಸಬಳು. ಕಲೀತಾಳ."

ತೆಕ್ಕಲಕೋಟಿ ಅಕ್ಕ

ನಮ್ಮ ಅತ್ತೆಗೆ ನನ್ನ ಕಸುಬಿನ ಮೇಲೆ ಸಿಟ್ಟಿರಲಿಲ್ಲ, ನಂಬಿಕೆ ಇರಲಿಲ್ಲ ಅಷ್ಟೆ. ನೆಂಟರು ಕೇಳಿದರೆ "ಸೊಸಿ ಟೀಚರು" ಎಂದು ಹೇಳಿ ಮಾತು ಬದಲಿಸುತ್ತಿದ್ದರು. ಹೋದ ವರ್ಷ ಅವರಿಗೆ ಮಂಡಿನೋವು ಬಂತು. ಮೆಟ್ಟಿಲು ಹತ್ತುವುದೇ ಬಿಟ್ಟರು. ಡಾಕ್ಟರು ವ್ಯಾಯಾಮ ಮಾಡಲೇಬೇಕು ಎಂದರು. ನಾನು ಹೇಳಿಕೊಡುತ್ತೇನೆ ಎಂದಾಗ ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು:

"ನಲವತ್ತು ವರ್ಷ ಅತ್ತಿಗೆ ಬಗ್ಗೀನಿ. ಇನ್ನ ಸೊಸಿಗೂ ಬಗ್ಗಬೇಕೇನು?"

ಅದೇ ಸಮಯಕ್ಕೆ ನಾನು ಮಂಡಿನೋವಿನವರಿಗೆಂದು ಬೆಳಿಗ್ಗೆ ಆರೂವರೆಗೆ ಫೋನಿನಲ್ಲಿ ಆನ್‌ಲೈನ್ ಕ್ಲಾಸು ಶುರು ಮಾಡಿದ್ದೆ. ನಮ್ಮ ಮಹಡಿಯ ಕೋಣೆಯಿಂದ ನಡೆಸುವುದು. ಆ ಹೊತ್ತಿಗೆ ಅತ್ತೆ ಕೆಳಗೆ, ಅಡುಗೆಮನೆ ಪಕ್ಕದ ದೇವರ ಕೋಣೆಯ ಬಾಗಿಲು ಹಾಕಿಕೊಂಡು ಪೂಜೆಗೆ ಕೂರುತ್ತಿದ್ದರು. ಕ್ಲಾಸಿಗೆ "ತೆಕ್ಕಲಕೋಟಿ ಅಕ್ಕ" ಎಂಬ ಹೆಸರಿನಲ್ಲಿ ಹೊಸಬರೊಬ್ಬರು ಸೇರಿದರು. ಕ್ಯಾಮೆರಾ ಯಾವಾಗಲೂ ಆಫ್. ದನಿ ಬಾಯಿಗೆ ಸೆರಗು ಅಡ್ಡ ಹಿಡಿದಂತೆ ಸಣ್ಣಗೆ. ಒಂದು ದಿನವೂ ತಪ್ಪಿಸಲಿಲ್ಲ. ಉಳಿದವರಿಗೆ ನಾನು, "ತೆಕ್ಕಲಕೋಟಿ ಅಕ್ಕನ್ನ ನೋಡಿ ಕಲೀರಿ" ಎನ್ನುತ್ತಿದ್ದೆ. ಅತ್ತೆಯ ತವರೂ ತೆಕ್ಕಲಕೋಟೆಯೇ. ಆದರೂ ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಎಲ್ಲರನ್ನೂ ಕೇಳಿದೆ, ನೋವು ಹೇಗಿದೆ ಎಂದು. ತೆಕ್ಕಲಕೋಟಿ ಅಕ್ಕ ಹೇಳಿದರು:

"ಅರ್ಧ ಕಡಿಮಿ ಆಗೈತ್ರಿ ಮೇಡಂ. ಎಷ್ಟು ಸಮಾಧಾನದಿಂದ ಹೇಳಿಕೊಡ್ತೀರಿ! ನಮ್ಮ ಮನ್ಯಾಗ ಒಬ್ಬಾಕಿ ಸೊಸಿ ಅದಾಳ. ನಿಮ್ಮ ಕಾಲಾಗಿನ ಧೂಳಿಗೂ ಸಮ ಇಲ್ಲ."

"ಹಂಗನಬಾರದ್ರಿ ಅಕ್ಕಾರ. ಸೊಸಿನೂ ಒಳ್ಳೇಕೀನ ಇರ್ತಾಳ" ಎಂದೆ.

"ಆಕಿನ್ನ ನೀವು ಕಂಡಿಲ್ರಿ."

ಅಷ್ಟರಲ್ಲಿ ಕೆಳಗೆ ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯಿತು. ಅದೇ ಸೀಟಿ ನನ್ನ ಫೋನಿನಲ್ಲೂ ಹೊಡೆಯಿತು. ನಾನು ಫೋನ್ ನೋಡಿದೆ, ಬಾಗಿಲ ಕಡೆ ನೋಡಿದೆ. ಎರಡನೇ ಸೀಟಿ, ಅಲ್ಲೂ ಇಲ್ಲೂ. ಮೂರನೆಯದಕ್ಕೆ ತೆಕ್ಕಲಕೋಟಿ ಅಕ್ಕ ಸಣ್ಣ ದನಿ ಮರೆತು ಮೊಮ್ಮಗಳಿಗೆ ಕೂಗಿದರು: "ಏ ಹುಡುಗಿ, ಗ್ಯಾಸ್ ಬಂದ್ ಮಾಡೇ! ಬ್ಯಾಳಿ ತಳ ಹತ್ತೈತಿ!" ಆ ಕೂಗು ಫೋನಿಗಿಂತ ಮೊದಲು ಮೆಟ್ಟಿಲಿನಿಂದ ನನಗೆ ಬಂದು ಮುಟ್ಟಿತು. ಮರುಕ್ಷಣ "ಆತಬೇ!" ಎಂದು ನನ್ನ ಮಗಳ ದನಿ, ಅದೂ ಎರಡು ಸಲ.

ಫೋನಿನಲ್ಲಿ ಒಂದು ಕೆಮ್ಮು. ಆಮೇಲೆ ಮತ್ತೆ ಅದೇ ಸಣ್ಣ ದನಿ: "ಮೇಡಂ, ಮುಂದಿನ ವ್ಯಾಯಾಮ ಹೇಳ್ರಿ."

"ಹೂಂ ರೀ ಅಕ್ಕಾರ, ಎಡಗಾಲು ಎತ್ರಿ" ಎಂದೆ. ಇನ್ನೇನು ಹೇಳಲಿ?

ಕ್ಲಾಸು ಮುಗಿಸಿ ಕೆಳಗಿಳಿದೆ. ಅತ್ತೆ ಹಣೆಗೆ ವಿಭೂತಿ ಹಚ್ಚಿಕೊಂಡು, ಏನೂ ಆಗಿಲ್ಲದಂತೆ ಬೇಳೆಗೆ ಒಗ್ಗರಣೆ ಕೊಡುತ್ತಿದ್ದರು. ಮಗಳು ನಗು ತಡೆಯಲಾಗದೆ ಹಿತ್ತಲಿಗೆ ಓಡಿದಳು. ನಾನೂ ಮುಖ ಬಿಗಿಹಿಡಿದು ಕೇಳಿದೆ:

"ಅತ್ತಿ, ಮಂಡಿ ಹೆಂಗೈತ್ರಿ?"

"ಆರಾಮೈತಿ. ಎಣ್ಣಿ ಹಚ್ಚೀನಲ್ಲ."

ನಾನು ತಟ್ಟೆ ಹಾಕತೊಡಗಿದೆ. ಅತ್ತೆ ಒಗ್ಗರಣೆಯಿಂದ ಕಣ್ಣೆತ್ತದೆ ಹೇಳಿದರು:

"ನಾಳಿಗೆ ಆ ಕುರ್ಚಿ ಹಿಡಕೊಂಡು ಮಾಡೋದನ್ನ ಇನ್ನೊಂದೀಟು ನಿಧಾನ ಹೇಳು. ತೆಕ್ಕಲಕೋಟ್ಯಾಗ ನೆಟ್‌ವರ್ಕ್ ಸರಿ ಇರಂಗಿಲ್ಲ."