ತೆಳ್ಳನೆಯ ಗಾಲಿಯ ಸೈಕಲ್ಲು

ಎಲ್ಲಕ್ಕೂ ಮೂಲ ಮಿಲಿಂದ ಕಾಕಾನ ಒಂದು ಪ್ರಶ್ನೆ.

ವೆರ್ಣಾದ ಔಷಧ ಕಾರ್ಖಾನೆಯ ಬಸ್ಸಿನಲ್ಲಿ ಎಡಗಡೆಯ ಮೂರನೆಯ ಕಿಟಕಿ ಸೀಟು ಶ್ರೀರಂಜನಿಯದು. ಫಾತೋರ್ಡಾದಿಂದ ಕಾರ್ಖಾನೆ ಮುಟ್ಟುವ ನಲವತ್ತು ನಿಮಿಷ ಯಾರೊಂದಿಗೂ ಮಾತಾಡದೆ ಹೊರಗೆ ನೋಡುತ್ತ ಕೂಡುವುದು ಆಕೆಯ ಇಡೀ ದಿನದ ಸುಖ. ಆ ಸುಖಕ್ಕೆ ಪಕ್ಕದ ಸೀಟಿನ ಮಿಲಿಂದ ಕಾಕಾ ಕಿವಿಯ ಹತ್ತಿರದ ಸೊಳ್ಳೆ. ಶುಕ್ರವಾರ ಆತ, "ಅಲ್ಲವಾ, ಲಗ್ನದ ಊಟಾ ಯಾವಾಗ ಹಾಕಸ್ತೀ?" ಎಂದು ಆ ವಾರದ ಐದನೆಯ ಸಲ ಕೇಳಿದಾಗ, ಆರು ತಿಂಗಳಿಂದ ನೋಟುಬುಕ್ಕಿನಲ್ಲಿ ಸೈಕಲ್ಲಿನ ಚಿತ್ರದ ಜೊತೆ ಬಚ್ಚಿಟ್ಟಿದ್ದ ಮಾತು ಆಕೆಯ ಬಾಯಿಂದ ಜಾರಿಬಿತ್ತು: "ನಾಳಿಂದ ನಾ ಸೈಕಲ್ ಮ್ಯಾಲೆ ಬರ್ತೀನ್ರಿ ಕಾಕಾ."

ಇಳಿಯಲೆಂದು ಆಕೆ ಎದ್ದದ್ದೇ ತಡ, ಕಾಕಾನ ಟಿಫಿನ್ ಚೀಲ ಕಿಟಕಿ ಸೀಟಿನಲ್ಲಿ ಪವಡಿಸಿತ್ತು. ಕಂಪನಿ ಬಸ್ಸಿನಲ್ಲಿ ಬಿಟ್ಟ ಸೀಟೆಂದರೆ ಬಿಲ್ಲು ಬಿಟ್ಟ ಬಾಣ. ಇನ್ನು ಸೈಕಲ್ಲೇ ಗತಿ. ಸೈಕಲ್ಲಿಗೂ ನಲವತ್ತೇ ನಿಮಿಷ. ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಆ ವಾರ ಮಧ್ಯಾಹ್ನದ ಎರಡನೆಯ ಪಾಳಿ. ಶನಿವಾರ ಬೆಳಿಗ್ಗೆ ಒಬ್ಬಳೇ ಹೋಗಿ ಸೈಕಲ್ಲು ಆರಿಸಿ ತರಬೇಕೆಂದು ಶ್ರೀರಂಜನಿ ಬೆಕ್ಕಿನ ಹೆಜ್ಜೆಯಿಟ್ಟು ಬಾಗಿಲು ತೆರೆದರೆ, ಆಕೆಗೆ ಮನೆಯಲ್ಲಿ ಆಶ್ರಯ ಕೊಟ್ಟಿದ್ದ ಚಿಕ್ಕಮ್ಮ ಅಂಬಾಬಾಯಿ ಮೌಶಿ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು. ಹಿಂದೆ ನೆರೆಮನೆಯ ಸಂಗಣ್ಣ ಮೇಸ್ತ್ರಿ.

"ಗಾಡಿ ತಗೊಳ್ಳುವಾಗ ತಿಳದವರೊಬ್ರು ಬಾಜೂಕ ಇರಬೇಕ್ರಿ ಅಕ್ಕಾರ. ನಾ ಸೈಕಲ್ ಮ್ಯಾಲೆ ಸಿಮೆಂಟ್ ಚೀಲ ಹೊತ್ತಾವ," ಎಂದ ಸಂಗಣ್ಣ.

ಮಡಗಾಂವದ ಅಂಗಡಿಯಲ್ಲಿ ಮಾಲೀಕ ಸಿಕಂದರ ರೋಡ್ ಬೈಕೊಂದನ್ನು ಮುಂದೆ ನಿಲ್ಲಿಸಿದ. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಬೆರಳಿನಷ್ಟು ತೆಳ್ಳನೆಯ ಗಾಲಿ. ನೋಟುಬುಕ್ಕಿನ ಚಿತ್ರವೇ ಎದ್ದು ಬಂದಂತಿತ್ತು. ಸಂಗಣ್ಣ ಅದನ್ನು ಒಂದೇ ಕೈಯಲ್ಲಿ ಎತ್ತಿ ತೂಗಿದ.

"ಇದೇನ್ರೀ, ಹಪ್ಪಳಧಾಂಗ ಐತಿ! ಕ್ಯಾರಿಯರ್ ಎಲ್ಲಿ? ಸ್ಟ್ಯಾಂಡ್ ಎಲ್ಲಿ?"

"ಇದಕ್ಕ ಅವೆಲ್ಲಾ ಇರೂದಿಲ್ಲ ಭಾಯ್."

"ಅಂದ್ರ ಅರ್ಧಾ ಸೈಕಲ್ ಅನ್ರಿ. ರೇಟೂ ಅರ್ಧಾ ಹಚ್ರಿ ಮತ್ತ."

ಸಿಕಂದರ ನಕ್ಕು, ಅಳತೆಪಟ್ಟಿಯನ್ನು ಮೌಶಿಯ ಕೈಗಿತ್ತು, ಹುಡುಗಿಯ ಕಾಲಿನ ಉದ್ದ ಅಳೆಯಲು ಹೇಳಿದ.

"ಸೈಕಲ್ ತಗೊಳ್ಳಿಕ್ಕೆ ಬಂದೇವೋ, ಚೂಡಿದಾರ ಹೊಲಿಸಲಿಕ್ಕೆ ಬಂದೇವೋ?" ಎನ್ನುತ್ತಲೇ ಮೌಶಿ ಅಳೆದಳು. ಎಲ್ಲಕ್ಕಿಂತ ಸಣ್ಣ ಸೈಜು ಸಾಕೆಂದಾಯಿತು. ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ಬೆಲೆ ಎಂಬುದು ಕಿವಿಗೆ ಬಿದ್ದದ್ದೇ ಮೌಶಿಯ ಮುಖ ಗಂಟಾಯಿತು. "ಒಂದ ರೇಟಿಗೆ ದೊಡ್ಡದು ಸಿಗಲಿಕತ್ತಾಗ ಸಣ್ಣದ್ಯಾಕ? ದೊಡ್ಡದ ತಗೋ. ನಾಳೆ ಲಗ್ನ ಆದ್ರ ಗಂಡನೂ ಸೈಕಲ್ ಹೊಡೀತಾನ."

ಶ್ರೀರಂಜನಿ ಹ್ಯಾಂಡಲ್ಲು ಗಟ್ಟಿಯಾಗಿ ಹಿಡಿದಳು. "ನನಗ ಸಣ್ಣದ ಬೇಕು. ತೆಳ್ಳನ ಗಾಲೀದ. ಸ್ಟ್ಯಾಂಡ್ ಬ್ಯಾಡ, ಕ್ಯಾರಿಯರ್ ಬ್ಯಾಡ."

ಮಾತಾಡಿದ್ದು ಯಾರೆಂದು ಮೌಶಿ ಸುತ್ತ ನೋಡಿದಳು. ಸೈಕಲ್ಲು ಶ್ರೀರಂಜನಿಯದಾಯಿತು.

"ಇದರ ಟ್ಯೂಬಿನ ಮೂತಿ ಬ್ಯಾರೆ ಇರ್ತದ್ರಿ. ಎಲ್ಲಾ ಕಡೆ ಗಾಳಿ ತುಂಬಸಲಿಕ್ಕೆ ಬರೂದಿಲ್ಲ. ಜೋಡಿ ಈ ಪಂಪ್ ಇಟ್ಕೊಳ್ರಿ," ಎಂದ ಸಿಕಂದರ.

"ಗಾಳಿಗೂ ರೊಕ್ಕ ಕೊಡೂದ? ಪೆಟ್ರೋಲ್ ಬಂಕಿನ್ಯಾಗ ಪುಗಸಟ್ಟೆ ತುಂಬತಾರ," ಎಂದು ಸಂಗಣ್ಣ ಪಂಪನ್ನು ಹಿಂದೆ ಸರಿಸಿದ. ಶ್ರೀರಂಜನಿ ಅಂದಿನ ಪಾಲಿನ ಧೈರ್ಯವನ್ನೆಲ್ಲ ಆಗಲೇ ಖರ್ಚು ಮಾಡಿಬಿಟ್ಟಿದ್ದಳು. ಪಂಪು ಅಂಗಡಿಯಲ್ಲೇ ಉಳಿಯಿತು.

ಮನೆ ಮುಟ್ಟುವಾಗ ಹನ್ನೆರಡು. ಪೂಜೆಯಾಗದ ಗಾಡಿ ಗೇಟು ದಾಟಬಾರದೆಂದು ಮೌಶಿ ಹಟ ಹಿಡಿದಳು. ಹ್ಯಾಂಡಲ್ಲಿಗೆ ಸೇವಂತಿಗೆಯ ಹಾರ, ಸೀಟಿಗೆ ಅರಿಶಿನ ಕುಂಕುಮ. "ನಮ್ಮದೂ ಒಂದು ಇರ್ಲಿ," ಎಂದು ಸಂಗಣ್ಣ ಮೂರೆಳೆ ವಿಭೂತಿ ಬಳಿದ. ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟರೆ ಗಾಲಿಗಿಂತ ಹಣ್ಣೇ ದಪ್ಪ. ಕೊನೆಗೆ ಮೌಶಿ ತೆಂಗಿನಕಾಯಿ ಎತ್ತಿದಳು.

"ನೀವ್ ಬಿಡ್ರಿ ಅಕ್ಕಾರ," ಎಂದು ಅದನ್ನು ಕಸಿದುಕೊಂಡ ಸಂಗಣ್ಣ, ಬಂಡೆ ಒಡೆಯುವ ರಭಸದಲ್ಲಿ ಗಾಲಿಯ ಮುಂದೆಯೇ ಅಪ್ಪಳಿಸಿದ. ಚಿಪ್ಪು ಇಪ್ಪತ್ತು ಚೂರಾಯಿತು.

ಪಾಳಿಗೆ ಹೊರಟ ಶ್ರೀರಂಜನಿ ಹೆಲ್ಮೆಟ್ಟು ತೊಟ್ಟು, ನಿಂಬೆಹಣ್ಣು ಹಿಸುಕಿ, ಚಿಪ್ಪಿನ ಮೇಲೆಯೇ ಹಾಯ್ದು ರಸ್ತೆಗೆ ಬಂದಳು. ಆಹಾ! ಗಾಳಿ ಕಿವಿಯಲ್ಲಿ ಸುಂಯ್ಯೆನ್ನುತ್ತಿತ್ತು, ಲಗ್ನದ ಮಾತೆತ್ತಲಿಲ್ಲ. ಈ ಸ್ವರ್ಗ ಸರಿಯಾಗಿ ಮೂರು ನಿಮಿಷ ನಡೆಯಿತು. ಬಸ್ ಸ್ಟಾಪಿನ ಹತ್ತಿರ 'ಪುಸ್' ಎಂದು ಮುಂದಿನ ಗಾಲಿ ಪ್ರಾಣಬಿಟ್ಟಿತು. ತೆಂಗಿನಚಿಪ್ಪಿನ ಮೊನೆ ಟೈರಿನಲ್ಲಿ ನಾಟಿಕೊಂಡಿತ್ತು.

ಎದುರಿನ ಪಂಕ್ಚರ್ ಅಂಗಡಿಯವನು ತೂತು ಮುಚ್ಚಿದ. ಆದರೆ ಪಂಪು ಹಚ್ಚಿ ಹಚ್ಚಿ ಕೈಚೆಲ್ಲಿದ. "ಈ ಮೂತಿಗೆ ನಮ್ಮ ಪಂಪ್ ಕೂಡೂದಿಲ್ಲವ್ವಾ."

ಆ ಹೊತ್ತಿಗೇ ಕಂಪನಿ ಬಸ್ಸು ಬಂದು ನಿಂತಿತು. ಮೂರನೆಯ ಕಿಟಕಿಯಿಂದ ಮಿಲಿಂದ ಕಾಕಾ ಇಣುಕಿದ.

"ಏನವಾ, ಸೈಕಲ್ ಮ್ಯಾಲೆ ಬರ್ತೀನಿ ಅಂದಾಕಿ ಸೈಕಲ್ ಕರಕೊಂಡ ಹೊಂಟೀಯಲ್ಲ!"

ಇಡೀ ಬಸ್ಸು ನಕ್ಕಿತು. ಆದರೂ ಆಕೆ ಬಿಡಲಿಲ್ಲ. ಸೈಕಲ್ಲನ್ನು ಹೆಗಲಿಗೇರಿಸಿ ಹತ್ತಿ, ನೇರ ಆತನ ಮುಂದೆ ನಿಂತಳು. "ಕಾಕಾ, ಇವತ್ತೊಂದಿನ ನನ್ನ ಸೀಟು..."

"ಸಾಧ್ಯನ ಇಲ್ಲ. ಬಿಟ್ಟ ಸೀಟು ಬಿಟ್ಟಂಗ. ದೇವರ ಬಂದು ಕೇಳಿದ್ರೂ ಏಳೂದಿಲ್ಲ."

ಇನ್ನು ಬೇರೆ ದಾರಿಯಿಲ್ಲದೆ ಆಕೆ ಸೈಕಲ್ಲನ್ನು ನಡುದಾರಿಯಲ್ಲಿ ಮಲಗಿಸಲು ಬಾಗಿದಳು. ಕಾಕಾ ಹಾವು ತುಳಿದವನಂತೆ ಜಿಗಿದೆದ್ದ.

"ಏ ಹುಚ್ಚಿ! ಹಾರ ಹಾಕೇದ, ಕುಂಕುಮ ಹಚ್ಚೇದ! ಪೂಜಿ ಆದ ಗಾಡಿ ಕಾಲಾಗ ಇಡ್ತೀಯೇನು? ಪಾಪ ಬಂದೀತು!"

ಆತ ತಾನೇ ಸೈಕಲ್ಲನ್ನು ಎತ್ತಿ, ಕಿಟಕಿಯ ಸೀಟಿಗೂ ಖಾಲಿಯಿದ್ದ ಪಕ್ಕದ ಸೀಟಿಗೂ ಸೇರಿಸಿ ಕೂಡಿಸಿದ. ಎರಡು ಬೆರಳಿನಿಂದ ಕುಂಕುಮ ತೆಗೆದು ಹಣೆಗೆ ಹಚ್ಚಿಕೊಂಡ. ಬಸ್ಸಿನಲ್ಲಿ ಬೇರೆ ಸೀಟು ಖಾಲಿಯಿರಲಿಲ್ಲ. ಕಾಕಾ ಬಂದು ಶ್ರೀರಂಜನಿಯ ಪಕ್ಕದಲ್ಲೇ, ಮೇಲಿನ ಸರಳು ಹಿಡಿದು ನಿಂತ.

"ಇನ್ನೂ ನಲವತ್ತು ನಿಮಿಷ ಅದ," ಎಂದ, ಗಂಟಲು ಸರಿಮಾಡಿಕೊಂಡು. "ಹೇಳು ನೋಡೋಣ. ಲಗ್ನದ ಊಟಾ ಯಾವಾಗ?"

ಎಡಗಡೆಯ ಮೂರನೆಯ ಕಿಟಕಿಯಲ್ಲಿ ಸೈಕಲ್ಲು ಯಾರೊಂದಿಗೂ ಮಾತಾಡದೆ ಹೊರಗೆ ನೋಡುತ್ತ ಕೂತಿತ್ತು.